ಮೇಣದ ಚೈನು ಯಾಕೆ ಕಿರುಚತ್ತೆ?

ಹೋದ ಸೆಮಿಸ್ಟರಿನಲ್ಲಿ ನಮ್ಮ ಹಾಸ್ಟೆಲ್ ಬ್ಲಾಕಿನ ಆರು ಜನ ಒಟ್ಟಿಗೇ ಸೈಕಲ್ ಚೈನಿಗೆ ಎಣ್ಣೆ ಬಿಡೋದನ್ನು ನಿಲ್ಲಿಸಿ ಮೇಣಕ್ಕೆ ಬಂದೆವು. ಕಾರಣ ದೊಡ್ಡ ತತ್ವವೇನಲ್ಲ. ವೈವಾ ದಿನ ಒಗೆದು ಇಸ್ತ್ರಿ ಮಾಡಿದ ಪ್ಯಾಂಟಿನ ಬಲಗಾಲಿಗೆ ಚೈನಿನ ಕಪ್ಪು ಮುದ್ರೆ ಬಿದ್ದರೆ ಆಗೋ ಸಂಕಟ ಅನುಭವಿಸಿದವರಿಗೇ ಗೊತ್ತು. ಮೇಣ ಹಾಕಿದ ಚೈನನ್ನು ಮುಟ್ಟಿದರೂ ಬೆರಳು ಕಪ್ಪಾಗಲ್ಲ, ಧೂಳು ಅಂಟಲ್ಲ ಅಂತ ಓದಿದ್ದೆವು. ಅದು ನಿಜವೂ ಹೌದು.

ಆದರೆ ಎರಡು ವಾರ ಕಳೆಯೋದ್ರೊಳಗೆ ದೂರುಗಳು ಶುರುವಾದವು. ಒಬ್ಬನ ಚೈನು ಎರಡನೇ ದಿನಕ್ಕೇ ಇಲಿಮರಿ ಹಾಗೆ ಕೀಂ ಕೀಂ. ಇನ್ನೊಬ್ಬಳ ಸೈಕಲ್ಲಲ್ಲಿ ಗೇರು ಹಾಕಿದ ಕಡೆ ಕೂರಲ್ಲ. ಮತ್ತೊಬ್ಬನದು ಒಂದೇ ಮಳೆಗೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಬೇಸತ್ತ ಒಬ್ಬ ಮೇಣದ ಮೇಲೇ ಎಣ್ಣೆ ಬಿಟ್ಟು, ತಿಂಗಳುಗಟ್ಟಲೆ ಹಾಗೇ ಓಡಿಸಿ, ಕೊನೆಗೆ ಚೈನಿನ ಜೊತೆ ಕ್ಯಾಸೆಟ್ಟನ್ನೂ ಬದಲಾಯಿಸಬೇಕಾಯ್ತು. ಆ ತಿಂಗಳು ಅವನು ಕ್ಯಾಂಟೀನಿನ ಕಡೆ ತಲೆ ಹಾಕಲಿಲ್ಲ. "ಮೇಣ ಎಲ್ಲ ನಮ್ಮ ಊರಿಗಲ್ಲ ಬಿಡ್ರೋ" ಅಂತ ಎಲ್ಲರೂ ತೀರ್ಪು ಕೊಟ್ಟೂ ಆಯ್ತು.

ಒಂದೊಂದೇ ಚೈನು ಬಿಚ್ಚಿ ನೋಡಿದಾಗ ಗೊತ್ತಾಗಿದ್ದು ಬೇರೆ. ತಪ್ಪು ಬಹುಪಾಲು ಮೇಣದ್ದಲ್ಲ, ಮೇಣ ಸೇರಬೇಕಾದ ಜಾಗಕ್ಕೆ ಸೇರದೇ ಇದ್ದದ್ದು. ಹೊರಗಿನಿಂದ ಬೆಳ್ಳಗೆ ಕಾಣೋ ಚೈನು ಒಳಗೆ ಬರಿದಾಗಿರಬಹುದು, ಹೊರಗೆ ಏನೂ ಕಾಣದ ಚೈನು ಒಳಗೆ ತುಂಬಿರಬಹುದು. ಹಾಗಾಗಿ ಈ ಪಾಠದಲ್ಲಿ ಯಾವ ತೊಂದರೆ ಬಂದರೂ ನಾವು ಕೇಳಿಕೊಳ್ಳೋ ಪ್ರಶ್ನೆ ಒಂದೇ: ಕೀಲಿನೊಳಗೆ ಮೇಣ ಇದೆಯಾ?

ಕೀಲು ಅಂದ್ರೆ ಎಲ್ಲಿ?

ಲೂಬ್ರಿಕಂಟ್‌ಗೆ ಕನ್ನಡದಲ್ಲಿ ಕೀಲೆಣ್ಣೆ ಅನ್ನೋ ಸೊಗಸಾದ ಮಾತಿದೆ. ಎಲ್ಲಿ ಹಾಕಬೇಕು ಅನ್ನೋದು ಹೆಸರಲ್ಲೇ ಇದೆ, ಕೀಲಿಗೆ. ಆದರೂ ನಾವೆಲ್ಲ ಹಚ್ಚೋದು ಚೈನಿನ ಮೈಗೆ. ಚೈನಿನ ಹೊರಗಿನ ಪ್ಲೇಟುಗಳು ಯಾವುದಕ್ಕೂ ಉಜ್ಜೋದು ಕಡಿಮೆ. ಕೆಲಸ ನಡೆಯೋದು ಪಿನ್ನು ಮತ್ತು ಒಳಪ್ಲೇಟಿನ ತೂತಿನ ನಡುವೆ, ಮತ್ತೆ ರೋಲರಿನ ಒಳಮೈಯಲ್ಲಿ. ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪಿಸಿದ ಬುಷ್ ರೋಲರ್ ಚೈನಿನಲ್ಲಿ ಪಿನ್ನಿನ ಸುತ್ತ ಒಂದು ಬುಷ್ ಇತ್ತು. ಈಗಿನ ಗೇರ್ ಸೈಕಲ್ ಚೈನಿನಲ್ಲಿ ಪ್ರತ್ಯೇಕ ಬುಷ್ ಇಲ್ಲ. ಒಳಪ್ಲೇಟಿನ ತೂತಿನ ಅಂಚನ್ನೇ ಸ್ವಲ್ಪ ಒಳಕ್ಕೆ ಉಬ್ಬಿಸಿ ಬುಷ್ಷಿನ ಕೆಲಸ ಮಾಡಿಸ್ತಾರೆ. ಇದರಿಂದ ಚೈನು ಪಕ್ಕಕ್ಕೆ ಸುಲಭವಾಗಿ ಬಾಗತ್ತೆ, ಎಣ್ಣೆಯಾಗಲಿ ಮೇಣವಾಗಲಿ ಒಳಹೋಗೋದಕ್ಕೂ ಸಂದು ಸಿಗತ್ತೆ. ಕೊಳೆ ಹೋಗೋದೂ ಅದೇ ಸಂದಿನಿಂದ.

ಒಂದು ಸಣ್ಣ ಲೆಕ್ಕ ಮಾಡೋಣ. ಮುಂದಿನ ಚೈನ್‌ರಿಂಗಿಗೆ 42 ಹಲ್ಲು, ಚೈನಿನಲ್ಲಿ 114 ಕೊಂಡಿ, ನಿಮಿಷಕ್ಕೆ 80 ಸುತ್ತು ಪೆಡಲು ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 3360 ಕೊಂಡಿ ಚೈನ್‌ರಿಂಗನ್ನು ದಾಟತ್ತೆ, ಅಂದರೆ ಇಡೀ ಚೈನು ಸುಮಾರು 29 ಸಲ ಸುತ್ತತ್ತೆ. ಒಂದು ಸುತ್ತಿನಲ್ಲಿ ಪ್ರತಿ ಕೀಲೂ ಎಂಟು ಸಲ ಬಾಗಿ ನೇರವಾಗತ್ತೆ: ಚೈನ್‌ರಿಂಗಿಗೆ ಹತ್ತುವಾಗ, ಇಳಿಯುವಾಗ, ಹಿಂದಿನ ಹಲ್ಲುಚಕ್ರಕ್ಕೆ ಹತ್ತುವಾಗ, ಇಳಿಯುವಾಗ, ಮತ್ತೆ ಡಿರೈಲರಿನ ಎರಡು ಪುಟ್ಟ ಜಾಕಿ ವೀಲುಗಳಲ್ಲಿ ಎರಡೆರಡು ಸಲ. ಗಂಟೆಗೆ ಲೆಕ್ಕ ಹಾಕಿದರೆ ಒಂದೊಂದು ಕೀಲಿಗೂ ಹದಿನಾಲ್ಕು ಸಾವಿರದಷ್ಟು ಬಾಗಾಟ. ಈ ಎಂಟರಲ್ಲಿ ನಿಜವಾದ ಭಾರ ಬೀಳೋದು ಮೇಲಿನ ಬಿಗಿ ಭಾಗದ ಎರಡು ಕಡೆ ಮಾತ್ರ. ಆ ಎರಡು ಕಡೆ ಪಿನ್ನಿಗೂ ಪ್ಲೇಟಿಗೂ ನಡುವೆ ಏನಿದೆ ಅನ್ನೋದರ ಮೇಲೆ ಚೈನಿನ ಆಯಸ್ಸು ನಿಂತಿದೆ.

ಅಂಟೂ ಇಲ್ಲ, ನಂಟೂ ಇಲ್ಲ

1830ರಲ್ಲಿ ಜರ್ಮನಿಯ ಕಾರ್ಲ್ ಫಾನ್ ರೈಖೆನ್‌ಬಾಖ್ ಈ ಮೇಣವನ್ನು ಬೇರ್ಪಡಿಸಿ ಪ್ಯಾರಾಫಿನ್ ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಪಾರುಮ್' ಅಂದರೆ ತೀರಾ ಕಡಿಮೆ, 'ಅಫಿನಿಸ್' ಅಂದರೆ ನಂಟು. ಯಾವ ರಾಸಾಯನಿಕದ ಜೊತೆಗೂ ಸುಲಭಕ್ಕೆ ಸೇರದ್ದು ಅನ್ನೋ ಅರ್ಥ. ಈ ನಂಟಿಲ್ಲದ ಗುಣವೇ ನಮಗೆ ಬೇಕಾಗಿರೋದು. ಮೇಣ ತಣ್ಣಗಾದ ಮೇಲೆ ಒಣ ಘನವಸ್ತು. ಧೂಳು ಬಂದು ಕೂತರೂ ಒಳಕ್ಕೆ ಎಳೆದುಕೊಳ್ಳಲ್ಲ.

ಇದಕ್ಕೊಂದು ಬೆಲೆ ಇದೆ. ಎಣ್ಣೆ ಹರಿಯತ್ತೆ. ಪಿನ್ನು ಒತ್ತಿದಾಗ ಪಕ್ಕಕ್ಕೆ ಹೋದ ಎಣ್ಣೆ, ಒತ್ತಡ ಬಿಟ್ಟ ತಕ್ಷಣ ವಾಪಸ್ ಬರತ್ತೆ. ಮೇಣ ಹಾಗಲ್ಲ, ಒಮ್ಮೆ ಪಕ್ಕಕ್ಕೆ ಸರಿದದ್ದು ಬಹುಮಟ್ಟಿಗೆ ಸರಿದೇ ಹೋಯ್ತು. ಆದ್ದರಿಂದ ಮೇಣದ ಚೈನು ತನ್ನನ್ನು ತಾನೇ ಸರಿಮಾಡಿಕೊಳ್ಳಲ್ಲ, ನಾವೇ ಲೆಕ್ಕ ಇಟ್ಟು ಮತ್ತೆ ಹಾಕಬೇಕು. ಒಣ ರಸ್ತೆಯಲ್ಲಾದರೆ ಬಿಸಿ ಮೇಣದಲ್ಲಿ ಅದ್ದಿದ ಚೈನಿಗೆ 200ರಿಂದ 300 ಕಿಲೋಮೀಟರಿಗೊಮ್ಮೆ ಅಂತ ಇಟ್ಟುಕೊಳ್ಳಬಹುದು. ಕ್ಯಾಂಪಸ್ಸಿನೊಳಗೆ ಮಾತ್ರ ಓಡಾಡೋರಿಗೆ ಅಷ್ಟು ದೂರ ಆಗೋಕೆ ತಿಂಗಳೇ ಬೇಕಾಗಬಹುದು.

ಅಮೆರಿಕದ ಫ್ರಿಕ್ಷನ್ ಫ್ಯಾಕ್ಟ್ಸ್ ಅನ್ನೋ ಪ್ರಯೋಗಾಲಯ ಚೈನಿನಲ್ಲಿ ವ್ಯರ್ಥವಾಗೋ ಶಕ್ತಿಯನ್ನು ಅಳೆದಾಗ ಪ್ಯಾರಾಫಿನ್ ಮೇಣ ಮುಂದಿನ ಸಾಲಿನಲ್ಲೇ ಇತ್ತು. ಆಮೇಲೆ ರೇಸಿನವರೆಲ್ಲ ಮೇಣದ ಹಿಂದೆ ಬಿದ್ದರು. ಉಳಿಯೋದು ಕೆಲವೇ ವ್ಯಾಟ್. ಒಂಬತ್ತು ಗಂಟೆ ಕ್ಲಾಸಿಗೆ 8:58ಕ್ಕೆ ಹಾಸ್ಟೆಲ್ ಬಿಡೋ ನಮಗೆ ಆ ವ್ಯಾಟಿನಿಂದ ಏನೂ ಆಗಲ್ಲ ಬಿಡಿ. ನಮಗೆ ಮುಖ್ಯ ಕ್ಯಾಸೆಟ್ ಉಳಿಯೋದು, ಪ್ಯಾಂಟು ಉಳಿಯೋದು.

ಕಿರುಚಾಟ: ಯಾವಾಗ ಶುರುವಾಯ್ತು ಅನ್ನೋದೇ ಸುಳಿವು

ಮೇಣದ ಚೈನು ಕಿರುಚಿದರೆ ಮೊದಲು ಮಾಡಬೇಕಾದ್ದು ಏನೂ ಮಾಡದೇ ಇರೋದು. ಬಾಟಲಿ ಹುಡುಕಬೇಡಿ. ಮೇಣ ಹಾಕಿ ಎಷ್ಟು ದಿನ ಆಯ್ತು, ಸದ್ದು ಯಾವಾಗಿಂದ ಅಂತ ನೆನಪು ಮಾಡಿಕೊಳ್ಳಿ.

ಹಾಕಿದ ಮೊದಲ ಎರಡು ಮೂರು ದಿನದಲ್ಲೇ ಕಿರುಚಿದರೆ ಮೇಣ ಕೀಲಿಗೆ ಹೋಗೇ ಇಲ್ಲ. ಇದಕ್ಕೆ ಎರಡು ಕಾರಣ. ಒಂದು, ಚೈನು ಶುದ್ಧವಾಗಿರಲಿಲ್ಲ. ಹೊಸ ಚೈನಿನೊಳಗೆ ಕಾರ್ಖಾನೆಯಲ್ಲಿ ತುಂಬಿದ ಗಟ್ಟಿ ಗ್ರೀಸ್ ಇರತ್ತೆ. ಬಟ್ಟೆಯಲ್ಲಿ ಒರೆಸಿದರೆ ಹೋಗೋದು ಮೇಲಿನದು ಮಾತ್ರ, ಕೀಲಿನದು ಅಲ್ಲೇ ಇರತ್ತೆ. ಗ್ರೀಸ್ ಕೂತ ಜಾಗಕ್ಕೆ ಮೇಣ ಹೋಗಲ್ಲ, ಹೋದರೂ ಅದರಲ್ಲಿ ಬೆರೆತು ಮೆತ್ತಗಾಗತ್ತೆ, ಉಕ್ಕನ್ನು ಹಿಡಿಯಲ್ಲ. ಡಿಟರ್ಜೆಂಟ್ ನೀರಲ್ಲಿ ತೊಳೆದೆವು ಅಂದವರ ಕಥೆಯೂ ಇದೇ. ಅದು ಸಾಕಾಗಲ್ಲ.

ನಾವು ಮಾಡೋ ರೀತಿ ಹೀಗೆ. ರೇಷನ್ ಅಂಗಡಿಯ ಸೀಮೆಎಣ್ಣೆ ಕಾಲ ಮುಗೀತು, ಈಗ ಪೇಂಟ್ ಅಂಗಡಿಯಲ್ಲಿ ಸಿಗೋ ಮಿನರಲ್ ಟರ್ಪೆಂಟೈನ್ ತರ್ತೀವಿ. ಬಿಚ್ಚಿದ ಚೈನನ್ನು ಅಗಲ ಬಾಯಿನ ಬಾಟಲಿಯಲ್ಲಿ ಹಾಕಿ, ಮುಳುಗುವಷ್ಟು ಟರ್ಪೆಂಟೈನ್ ಸುರಿದು, ಮುಚ್ಚಳ ಬಿಗಿಮಾಡಿ ಚೆನ್ನಾಗಿ ಕುಲುಕಬೇಕು. ಮೊದಲ ಸಲ ಕಾಫಿ ಡಿಕಾಕ್ಷನ್ ಬಣ್ಣ ಬರತ್ತೆ. ಹೊಸದು ಹಾಕಿ ಮತ್ತೆ ಕುಲುಕಿ. ಮೂರು ನಾಲ್ಕು ಸಲ ಆದ ಮೇಲೆ ದ್ರವ ತಿಳಿಯಾಗೇ ಉಳಿಯತ್ತೆ, ಅಲ್ಲಿಗೆ ನಿಲ್ಲಿಸಿ. ಟರ್ಪೆಂಟೈನ್ ತಾನೇ ಒಂದು ತೆಳು ಪದರ ಬಿಟ್ಟು ಹೋಗತ್ತೆ. ಅದನ್ನ ತೆಗೆಯೋಕೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕೊನೇ ಸಲ ಕುಲುಕಬೇಕು. ಇಸಿ ವಿಭಾಗದವರಿಗೆ ಇದು ಪಿಸಿಬಿ ಒರೆಸೋ ದ್ರವ ಅಂತ ಪರಿಚಯ ಇದ್ದೇ ಇದೆ. ಪೂರ್ತಿ ಒಣಗಿದ ಮೇಲೆ ಚೈನನ್ನು ಕೈಯಲ್ಲಿ ಅಲ್ಲಾಡಿಸಿದರೆ ಒಣ ಖಣಖಣ ಸದ್ದು ಬರಬೇಕು. ಗ್ರೀಸ್ ಉಳಿದಿದ್ದರೆ ಸದ್ದು ಮಂದವಾಗಿರತ್ತೆ. ಬಳಸಿದ ಟರ್ಪೆಂಟೈನನ್ನು ಚರಂಡಿಗೆ ಸುರಿಯಬೇಡಿ. ಒಂದೆರಡು ದಿನ ಬಿಟ್ಟರೆ ಕೊಳೆ ತಳಕ್ಕೆ ಕೂರತ್ತೆ, ಮೇಲಿನ ತಿಳಿಯನ್ನು ಮುಂದಿನ ಚೈನಿನ ಮೊದಲ ತೊಳೆತಕ್ಕೆ ಇಟ್ಟುಕೊಳ್ಳಬಹುದು. ಪೆಟ್ರೋಲಿನಲ್ಲಿ ತೊಳೆಯೋ ಯೋಚನೆ ಮಾತ್ರ ಬೇಡ. ಅದರ ಆವಿ ಮೂಲೆಯಲ್ಲಿರೋ ಒಂದು ಸಣ್ಣ ಕಿಡಿಯನ್ನೂ ಹುಡುಕಿಕೊಂಡು ಹೋಗತ್ತೆ.

ಎರಡನೇ ಕಾರಣ ಬಿಸಿ ಸಾಲದೇ ಇರೋದು. ಇದನ್ನ ನಾವು ಕಲಿತದ್ದು ಸ್ವಲ್ಪ ತಡವಾಗಿ. ಮೇಣ ಕರಗಿ ನೀರಾಗಿದೆ ಅಂತ ತಣ್ಣನೆಯ ಚೈನನ್ನು ಇಳಿಬಿಟ್ಟು ಎರಡು ನಿಮಿಷಕ್ಕೆ ಎತ್ತಿದೆವು. ಆದದ್ದು ಏನು? ತಣ್ಣನೆಯ ಉಕ್ಕು ಮುಟ್ಟಿದ ಕೂಡಲೇ ಅದರ ಸುತ್ತಲಿನ ಮೇಣ ಗಟ್ಟಿಯಾಗಿ ಸಂದುಗಳ ಬಾಯಿ ಮುಚ್ಚಿತು. ಹೊರಗೆ ದಪ್ಪ ಬಿಳಿ ಕೋಟು, ಒಳಗೆ ಗಾಳಿ. ನೋಡೋಕೆ ಅದ್ಭುತ, ಮಾರನೇ ದಿನ ಕೀಂ ಕೀಂ. ಚೈನು ಮೇಣದಷ್ಟೇ ಬಿಸಿಯಾಗೋ ತನಕ ಒಳಗೇ ಇರಬೇಕು, ಹತ್ತು ಹದಿನೈದು ನಿಮಿಷ. ನಡುನಡುವೆ ಕಡ್ಡಿಯಿಂದ ಆಡಿಸಿದರೆ ಕೀಲುಗಳಿಂದ ಗಾಳಿಯ ಗುಳ್ಳೆ ಮೇಲೆ ಬರೋದು ಕಾಣತ್ತೆ. ಗುಳ್ಳೆ ಬರ್ತಾ ಇದ್ದರೆ ಒಳಗಿನ್ನೂ ಖಾಲಿ ಜಾಗ ಇದೆ ಅಂತ ಅರ್ಥ. ನಿಂತ ಮೇಲೆ ಎತ್ತೋ ಮಾತು.

ಸುಮಾರು ಇನ್ನೂರು ಮುನ್ನೂರು ಕಿಲೋಮೀಟರ್ ಆದ ಮೇಲೆ ಕಿರುಚಿದರೆ ಅದು ರೋಗ ಅಲ್ಲ, ಹಸಿವು. ಮತ್ತೆ ಅದ್ದಿ, ಅಷ್ಟೇ. ಈ ಸಲ ಟರ್ಪೆಂಟೈನ್ ಬೇಕಿಲ್ಲ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒಮ್ಮೆ ಸರಿಯಾಗಿ ತೊಳೆದ ಚೈನನ್ನು ಮತ್ತೆ ತೊಳೆಯೋ ಕೆಲಸ ಇಲ್ಲ ಅನ್ನೋದೇ ಈ ಪದ್ಧತಿಯ ದೊಡ್ಡ ಸುಖ.

ಮೇಣ ಸರಿಯಾಗಿದೆ, ದಿನವೂ ಆಗಿಲ್ಲ, ಆದರೂ ಕಿರುಚತ್ತಾ? ಹಾಗಾದರೆ ಚೈನನ್ನು ಬಿಟ್ಟು ಜಾಕಿ ವೀಲ್ ನೋಡಿ. ಇದು ನಮ್ಮನ್ನು ಒಂದು ವಾರ ಆಟ ಆಡಿಸಿದ ತೊಂದರೆ. ಎಣ್ಣೆಯ ಕಾಲದಲ್ಲಿ ಚೈನಿನಿಂದ ಸಿಡಿದ ಎಣ್ಣೆಯೇ ಡಿರೈಲರಿನ ಈ ಪುಟ್ಟ ಚಕ್ರಗಳನ್ನೂ ಸಾಕ್ತಾ ಇತ್ತು. ಮೇಣಕ್ಕೆ ಬಂದ ಮೇಲೆ ಅವಕ್ಕೆ ಏನೂ ಸಿಗಲ್ಲ. ಚೈನನ್ನು ಲಾಕ್ ಬಿಚ್ಚಿ ತೆಗೆದು ಜಾಕಿ ವೀಲನ್ನು ಬೆರಳಲ್ಲಿ ತಿರುಗಿಸಿ. ಅದೇ ಕಿರುಚಿದರೆ ಕಳ್ಳ ಸಿಕ್ಕಿದ ಹಾಗೆ. ಅದರ ಬೋಲ್ಟು ಬಿಚ್ಚಿ, ಒಳಗಿನ ಬುಷ್ಷಿಗೆ ಚೂರು ಗ್ರೀಸ್ ಸವರಿ, ಹೊರಗೆ ಬಂದದ್ದನ್ನ ಒರೆಸಿ ಹಾಕಿ. ಪಾಪ, ನಾವು ಅದೇ ಚೈನನ್ನು ಮೂರು ಸಲ ಮೇಣದಲ್ಲಿ ಮುಳುಗಿಸಿದ್ದೆವು.

ಕಿರುಚಾಟ ಅಲ್ಲದೆ 'ಟಕ್' ಅಂತ ಒಂದೊಂದೇ ಸದ್ದು ಬಂದರೆ ಎಣಿಸಿ ನೋಡಿ. ಮೇಲಿನ ಲೆಕ್ಕದ ಸೈಕಲ್ಲಿನಲ್ಲಿ ಚೈನು ಒಂದು ಸುತ್ತು ಬರೋಕೆ ಪೆಡಲು 114ನ್ನು 42ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 2.7 ಸುತ್ತು ತಿರುಗಬೇಕು. ಟಕ್ ಸದ್ದು ಎರಡೂವರೆ ಮೂರು ಪೆಡಲಿಗೊಮ್ಮೆ ಬಂದರೆ ಚೈನಿನ ಯಾವುದೋ ಒಂದು ಕೊಂಡಿ ಬಿಗಿಯಾಗಿದೆ, ಇಲ್ಲವೇ ಲಾಕ್ ಸರಿಯಾಗಿ ಕೂತಿಲ್ಲ. ಪ್ರತಿ ಪೆಡಲ್ ಸುತ್ತಿಗೂ ಕರಾರುವಾಕ್ಕಾಗಿ ಬಂದರೆ ಅದು ಚೈನೇ ಅಲ್ಲ. ಪೆಡಲು, ಕ್ರ್ಯಾಂಕು, ಬಾಟಮ್ ಬ್ರಾಕೆಟ್ ಕಡೆ ಹೋಗಿ. ನಿಮ್ಮ ಸೈಕಲ್ಲಿನ ಹಲ್ಲು, ಕೊಂಡಿ ಎಣಿಸಿ ನಿಮ್ಮದೇ ಸಂಖ್ಯೆ ಇಟ್ಟುಕೊಳ್ಳಿ. ಐದು ನಿಮಿಷದ ಕೆಲಸ, ಆಮೇಲೆ ಸದ್ದು ಕೇಳಿದ ಕೂಡಲೇ ಅರ್ಧ ಸೈಕಲ್ಲನ್ನು ಅನುಮಾನದ ಪಟ್ಟಿಯಿಂದ ತೆಗೀಬಹುದು.

ಗೇರು ಕೂರಲ್ಲ, ಪುಡಿ ಉದುರತ್ತೆ

ಮೇಣ ಹಾಕಿ ತಣ್ಣಗಾದ ಚೈನು ಕಡ್ಡಿ ಹಾಗೆ ಸೆಟೆದು ನಿಲ್ಲತ್ತೆ. ಮೊದಲ ಸಲ ನೋಡಿದವರು ಹಾಳಾಯ್ತು ಅಂತಲೇ ಅಂದುಕೊಳ್ತಾರೆ. ಹಾಳಾಗಿಲ್ಲ, ಕೀಲಿನೊಳಗೆ ಮೇಣ ಗಟ್ಟಿಯಾಗಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಸೈಕಲ್ಲಿಗೆ ಹಾಕೋ ಮುಂಚೆ ಯಾವುದಾದರೂ ದುಂಡಗಿನ ಕೊಳವೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದು ಪ್ರತಿ ಕೀಲನ್ನೂ ಬಿಡಿಸಬೇಕು. ಮಂಚದ ಕಾಲಿನ ಪೈಪು ನಮಗೆ ಸಾಕಾಗಿದೆ. ಇಷ್ಟು ಮಾಡಿದ ಮೇಲೂ ಮೊದಲ ಐದು ಹತ್ತು ನಿಮಿಷ ಗೇರು ತಡವರಿಸತ್ತೆ. ಆಗ ಡಿರೈಲರಿನ ಸ್ಕ್ರೂ ತಿರುಗಿಸೋಕೆ ಹೋಗಬೇಡಿ. ಗೇರು ಕೂರದ ನಮ್ಮ ಗೆಳತಿ ಮಾಡಿದ್ದು ಅದನ್ನೇ. ಚೈನು ತಾನಾಗೇ ಸಡಿಲ ಆದ ಮೇಲೆ ಸ್ಕ್ರೂ ತಪ್ಪು ಜಾಗದಲ್ಲಿ ಉಳೀತು.

ಬಿಳಿ ಪುಡಿ ಉದುರೋದು ಹೊರಗಿನ ಹೆಚ್ಚುವರಿ ಮೇಣ. ಅದರಿಂದ ಏನೂ ನಷ್ಟ ಇಲ್ಲ, ಫ್ರೇಮು ಕೊಳಕಾಗತ್ತೆ ಅಷ್ಟೆ. ಆದರೆ ಅದು ಎತ್ತಿದ ಬಿಸಿಯ ಬಗ್ಗೆ ಒಂದು ಮಾತು ಹೇಳತ್ತೆ. ಸಾಮಾನ್ಯ ಪ್ಯಾರಾಫಿನ್ 60 ಡಿಗ್ರಿ ಆಸುಪಾಸಿನಲ್ಲಿ ಕರಗತ್ತೆ. 90 ಡಿಗ್ರಿಯಲ್ಲಿ ಎತ್ತಿದರೆ ಮೇಣ ನೀರಿನ ಹಾಗೆ ತೆಳುವಾಗಿದ್ದು, ಕೀಲಿನಿಂದಲೂ ಒಂದಷ್ಟು ಸುರಿದು ಹೋಗತ್ತೆ. ಗಟ್ಟಿಯಾಗೋ ಹೊತ್ತಿಗೆ ಎತ್ತಿದರೆ ಉಂಡೆ ಉಂಡೆ ಅಂಟಿಕೊಂಡು ಬರತ್ತೆ. ನಮಗೆ ಹೊಂದಿದ್ದು ನಡುದಾರಿ: ಚೆನ್ನಾಗಿ ಬಿಸಿ ಇರುವಾಗ ಆಡಿಸಿ, ಒಲೆ ಆರಿಸಿ, 70 ಡಿಗ್ರಿ ಹತ್ತಿರ ಬಂದಾಗ ಎತ್ತಿ ನೇತುಹಾಕೋದು. ಥರ್ಮಾಮೀಟರ್ ಇಲ್ಲದಿದ್ದರೆ ಮೇಣದ ಮೇಲೆ ಅಂಚಿನಲ್ಲಿ ಕೆನೆ ಕಟ್ಟೋಕೆ ಶುರುವಾಗೋದನ್ನ ಕಾಯಿರಿ. ಅದಕ್ಕಿಂತ ಸ್ವಲ್ಪ ಮುಂಚಿನದೇ ಸರಿಯಾದ ಹೊತ್ತು. ಒಂದೆರಡು ಸಲ ಮಾಡಿದರೆ ಕಣ್ಣಿಗೆ ಸಿಗತ್ತೆ.

ಬಿಳಿಯ ಬದಲು ಕಪ್ಪು ಪುಡಿ ಬಂದರೆ? ಸ್ವಲ್ಪ ಕಪ್ಪು ಸಹಜ, ಸವೆದ ಲೋಹ ಅದು. ಕಪ್ಪಾಗಿ ಅಂಟಂಟಾಗಿದ್ದರೆ ಮಾತ್ರ ಎಲ್ಲೋ ಎಣ್ಣೆ ಸೇರಿದೆ.

ಮೇಣ ಯಾವುದು ಅಂತ ಕೇಳ್ತೀರಿ. ನಾವು ಬಳಸೋದು ಮೇಣದಬತ್ತಿ ಮಾಡೋರಿಗೆ ಕೆಜಿ ಲೆಕ್ಕದಲ್ಲಿ ಮಾರೋ, ಬಣ್ಣ ವಾಸನೆ ಇಲ್ಲದ ಶುದ್ಧ ಪ್ಯಾರಾಫಿನ್. ಅಸ್ಸಾಮಿನ ನುಮಾಲಿಗಢ ಸಂಸ್ಕರಣಾಗಾರದಲ್ಲಿ ಕಚ್ಚಾತೈಲದಿಂದ ತೆಗೆಯೋ ಮೇಣ ಇದೇ ಬಗೆಯದು. ಅಂಗಡಿಯ ಬತ್ತಿಯನ್ನೇ ಕರಗಿಸಿದರೆ ಅದರಲ್ಲಿ ಬಣ್ಣ, ಸುಗಂಧ, ಸ್ಟಿಯರಿಕ್ ಆಮ್ಲ ಸೇರಿರಬಹುದು. ಜೇನುಮೇಣ ಅಂಟು, ಬೇಡ. ಮೊಲಿಬ್ಡಿನಮ್ ಡೈಸಲ್ಫೈಡ್ ಪುಡಿ ಬೆರೆಸೋರೂ ಇದ್ದಾರೆ. ಮೊದಲು ಬರಿ ಮೇಣದಲ್ಲಿ ಕೈ ಕುದುರಲಿ ಅನ್ನೋದು ನಮ್ಮ ಅಭಿಪ್ರಾಯ. ತೊಂದರೆ ಬಂದಾಗ ಹುಡುಕಬೇಕಾದ ಕಾರಣಗಳು ಕಡಿಮೆ ಇರತ್ತೆ.

ಬಿಸಿ ಮಾಡೋ ರೀತಿ ಬಗ್ಗೆ ತಮಾಷೆ ಬೇಡ. ಮೇಣದ ಡಬ್ಬಿಯನ್ನು ನೇರ ಒಲೆ ಮೇಲೆ ಇಡಬಾರದು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಅದರೊಳಗೆ ಡಬ್ಬಿ ಇಡಬೇಕು. ಬೆಂಗಳೂರಿನಂಥ ಎತ್ತರದ ಊರಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯತ್ತೆ, ಮಂಗಳೂರಲ್ಲಿ 100ಕ್ಕೆ. ಎಲ್ಲಿದ್ದರೂ ಮೇಣ ಅದಕ್ಕಿಂತ ಮೇಲೆ ಹೋಗೋಕೆ ನೀರೇ ಬಿಡಲ್ಲ, ಹೊತ್ತಿಕೊಳ್ಳೋ ಬಿಸಿಯಿಂದ ತುಂಬಾ ದೂರ ಉಳಿಯತ್ತೆ. ನೀರು ಬತ್ತದ ಹಾಗೆ ನೋಡಿಕೊಳ್ಳೋಕೆ ಒಬ್ಬರು ಅಲ್ಲೇ ಇರಬೇಕು. ಆಲ್ಕೊಹಾಲಿನಿಂದ ಒದ್ದೆಯಾದ ಚೈನನ್ನು ಬಿಸಿ ಮೇಣಕ್ಕೆ ಹಾಕಬೇಡಿ. ಅದು 82 ಡಿಗ್ರಿಗೇ ಕುದಿಯೋ ದ್ರವ, ನೊರೆ ಎದ್ದು ಚೆಲ್ಲತ್ತೆ, ಆವಿಗೆ ಬೆಂಕಿ ತಗಲಬಹುದು. ಅಕಸ್ಮಾತ್ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಮುಚ್ಚಳ ಮುಚ್ಚಿ. ಹಾಸ್ಟೆಲ್ ರೂಮಿನಲ್ಲಿ ಇಂಡಕ್ಷನ್ ಇಡೋ ಹಾಗಿಲ್ಲ ಅನ್ನೋದು ನಿಮಗೂ ಗೊತ್ತು, ನಮಗೂ ಗೊತ್ತು. ವರ್ಕ್‌ಶಾಪ್ ಮೇಷ್ಟ್ರನ್ನು ಕೇಳಿಕೊಂಡು ಅಲ್ಲಿನ ತೆರೆದ ಜಗಲಿಯಲ್ಲಿ ಮಾಡ್ತೀವಿ, ಟರ್ಪೆಂಟೈನ್ ಕೆಲಸ ಬೇರೆ ದಿನ, ಬೇರೆ ಮೂಲೆಯಲ್ಲಿ.

ಒಂದು ಹನಿ ಎಣ್ಣೆ

ಕಾಲೇಜ್ ಗೇಟಿನ ಎದುರಿನ ಸೈಕಲ್ ಅಂಗಡಿಯಣ್ಣ ಒಳ್ಳೇ ಮನುಷ್ಯ. ಪಂಕ್ಚರಿಗೆ ಕೊಟ್ಟ ಸೈಕಲ್ಲನ್ನು ವಾಪಸ್ ಕೊಡುವಾಗ, "ಚೈನು ಒಣಗಿ ಹೋಗಿತ್ತಲ್ಲೋ ಮರಿ, ಎಣ್ಣೆ ಬಿಟ್ಟಿದೀನಿ, ದುಡ್ಡೇನೂ ಬೇಡ" ಅಂದ. ನಮ್ಮವನು "ಥ್ಯಾಂಕ್ಸ್ ಅಣ್ಣಾ" ಅಂದು ಬಂದ. ಬೇರೆ ಏನು ಹೇಳೋಕಾಗತ್ತೆ?

ಎಣ್ಣೆಯಲ್ಲಿ ಮೇಣ ಮೆತ್ತಗಾಗಿ ಅರ್ಧ ಕರಗತ್ತೆ. ಮೇಣವೂ ಅಲ್ಲದ ಎಣ್ಣೆಯೂ ಅಲ್ಲದ ಆ ಮುದ್ದೆಗೆ ರಸ್ತೆಯ ಧೂಳು ಸೇರಿದರೆ ವಾಲ್ವ್ ಉಜ್ಜೋ ಲ್ಯಾಪಿಂಗ್ ಪೇಸ್ಟ್ ಇರತ್ತಲ್ಲ, ಅದೇ ಆಗತ್ತೆ. ಕ್ಯಾಸೆಟ್ ಕಳೆದುಕೊಂಡವನ ಚೈನಿನಲ್ಲಿ ಆಗಿದ್ದು ಇದೇ, ಅವನು ತನ್ನ ಕೈಯಾರೆ ಮಾಡಿಕೊಂಡಿದ್ದ. ಡಬ್ಲ್ಯೂಡಿ-40 ಹೊಡೆದರೂ ಕಥೆ ಇಷ್ಟೇ, ಅದರಲ್ಲೂ ಎಣ್ಣೆಯ ಅಂಶ ಉಳಿಯತ್ತೆ. ಇದಕ್ಕೆ ಅಡ್ಡದಾರಿ ಇಲ್ಲ, ಟರ್ಪೆಂಟೈನಿಂದ ಮತ್ತೆ ಮೊದಲಿಂದ. ಆ ಚೈನನ್ನು ಹಾಗೇ ಮೇಣದ ಡಬ್ಬಿಗೆ ಇಳಿಸಿದರೆ ಡಬ್ಬಿಯಲ್ಲಿರೋ ಎಲ್ಲರ ಮೇಣವೂ ಕೆಡತ್ತೆ. ಈಗ ಪಂಕ್ಚರಿಗೆ ಕೊಡುವಾಗಲೇ "ಅಣ್ಣಾ, ಚೈನಿಗೆ ಮೇಣ ಹಾಕಿದೀವಿ, ಎಣ್ಣೆ ಬೇಡ" ಅಂತೀವಿ. ಮೊದಲ ಸಲ ಅಣ್ಣ ನಕ್ಕ. ಮೊನ್ನೆ ತನ್ನ ಮಗನ ಸೈಕಲ್ ಚೈನು ಬಿಚ್ಚಿ ಕಳಿಸಿದ್ದಾನೆ.

ಮಳೆ

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಇದು. ಮೇಣ ನೀರನ್ನು ಹತ್ತಿರ ಸೇರಿಸಲ್ಲ ಅನ್ನೋದು ನಿಜ. ಆದರೆ ಕರಗಿದ ಮೇಣ ಗಟ್ಟಿಯಾಗುವಾಗ ಕುಗ್ಗತ್ತೆ, ಬಾಗಿಸಿದಾಗ ಬಿರುಕು ಬಿಡತ್ತೆ. ಎಣ್ಣೆ ಹಾಗೆ ಇಡೀ ಮೈಗೆ ಹರಡಿ ಕೂರಲ್ಲ. ಒದ್ದೆ ರಸ್ತೆಯ ನೀರು ಮರಳಿನ ಜೊತೆ ಬಿರುಕಿಗೆ ನುಗ್ಗಿ, ಪಿನ್ನಿನ ಹತ್ತಿರ ನಿಂತು, ರಾತ್ರಿಯಿಡೀ ಸೈಕಲ್ ಸ್ಟ್ಯಾಂಡಿನಲ್ಲಿ ತನ್ನ ಕೆಲಸ ಮಾಡತ್ತೆ. ಬೆಳಿಗ್ಗೆ ಕಿತ್ತಳೆ ಬಣ್ಣ.

ಪ್ಲೇಟಿನ ಅಂಚಿನಲ್ಲಿ ಮಾತ್ರ ಬಣ್ಣ ಬಂದಿದ್ದರೆ ಗಾಬರಿ ಬೇಡ, ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿದರೆ ಹೋಗತ್ತೆ. ರೋಲರಿನ ಬುಡದಿಂದ ಕೆಂಪು ಪುಡಿ ಬರ್ತಾ ಇದ್ದರೆ, ಬಾಗಿಸಿದಾಗ ಮರಳು ಮರಳಾಗಿ ತಗಲಿದರೆ, ತುಕ್ಕು ಕೀಲಿಗೆ ಇಳಿದಿದೆ. ಕುದಿಯೋ ನೀರಲ್ಲಿ ಚೈನನ್ನು ಅದ್ದಿ ಆಡಿಸಿ. ಹಳೇ ಮೇಣ ಕರಗಿ ತೇಲತ್ತೆ, ಕೊಳೆ ಕೆಳಗಿಳಿಯತ್ತೆ. ಆ ನೀರನ್ನು ಬಿಸಿಯಾಗಿ ಸಿಂಕಿಗೆ ಸುರಿದರೆ ಪೈಪಿನಲ್ಲಿ ಮೇಣ ಕಟ್ಟಿ ವಾರ್ಡನ್ ಹುಡುಕಿಕೊಂಡು ಬರ್ತಾರೆ. ತಣ್ಣಗಾಗಲಿ, ಮೇಲಿನ ಮೇಣದ ಬಿಲ್ಲೆ ಎತ್ತಿ ಆಮೇಲೆ ಚೆಲ್ಲಿ. ಚೈನನ್ನು ತಕ್ಷಣ ಒರೆಸಿ, ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ, ಅದೇ ದಿನ ಮೇಣಕ್ಕೆ ಹಾಕಬೇಕು. ಒಣಗಿದ ಮೇಲೂ ಬಾಗಿಸಿದಾಗ ಮರಳು ತಗಲಿದರೆ ಆ ಚೈನಿಗೆ ಕೈಮುಗಿದು ಹೊಸದು ತನ್ನಿ. ಅಜ್ಜಿ ದೀಪ ಬೆಳಗೋ ಹುಣಸೆಹಣ್ಣು, ನಿಂಬೆರಸ, ವಿನೆಗರ್ ಯಾವುದರಲ್ಲೂ ನೆನೆಸಬೇಡಿ. ಆಮ್ಲದಿಂದ ಬಿಡುಗಡೆಯಾಗೋ ಹೈಡ್ರೋಜನ್ ಗಡಸು ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡಬಹುದು. ಮೆಟೀರಿಯಲ್ ಸೈನ್ಸಿನಲ್ಲಿ ಓದಿದ ಹೈಡ್ರೋಜನ್ ಎಂಬ್ರಿಟಲ್‌ಮೆಂಟ್ ಇದೇ. ದಿಬ್ಬ ಹತ್ತುವಾಗ ನಿಂತು ತುಳಿಯೋ ಹೊತ್ತಿಗೆ ಪ್ಲೇಟು ಸೀಳಿದರೆ ಮುಖ ಹೋಗಿ ಹ್ಯಾಂಡಲಿಗೆ ಬಡಿಯತ್ತೆ.

ಬಾಟಲಿಯಲ್ಲಿ ಬರೋ ಹನಿ ಮೇಣದ್ದೂ ಮಳೆಗಾಲದಲ್ಲಿ ಇದೇ ಗೋಳು. ಅವುಗಳಲ್ಲಿ ಹೆಚ್ಚಿನವು ನೀರಿನಲ್ಲಿ ತೇಲಿಸಿದ ಮೇಣದ ಕಣಗಳು. ನೀರು ಆರಿ ಹೋದ ಮೇಲೇ ಮೇಣ ಉಳಿಯೋದು. ಬೆಳಿಗ್ಗೆ ಹಚ್ಚಿ ಹತ್ತು ನಿಮಿಷಕ್ಕೆ ಹೊರಟರೆ ಅರ್ಧ ರಸ್ತೆಗೆ ಸಿಡಿದು ಹೋಗಿರತ್ತೆ. ರಾತ್ರಿ ಬಾಟಲಿ ಚೆನ್ನಾಗಿ ಕುಲುಕಿ, ರೋಲರಿಗೊಂದು ಹನಿ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಬೆಳಗಿನ ತನಕ ಬಿಡಿ. ಜುಲೈ ತಿಂಗಳಲ್ಲಿ ಬಟ್ಟೆಯೇ ಮೂರು ದಿನ ಒಣಗದಿದ್ದಾಗ ಚೈನು ಒಂದು ರಾತ್ರಿಗೆ ಒಣಗತ್ತೆ ಅಂತ ನಂಬಬೇಡಿ, ಫ್ಯಾನ್ ಹಾಕಿ. ಮತ್ತೆ ಇದನ್ನ ಕೊಳೆಯ ಮೇಲೆ ಪದರ ಪದರವಾಗಿ ಹಚ್ಚುತ್ತಾ ಹೋದರೆ ಕಪ್ಪು ಕೇಕು ಕಟ್ಟತ್ತೆ. ನಾಲ್ಕೈದು ಸಲಕ್ಕೊಮ್ಮೆ ಕುದಿನೀರಿನ ಸ್ನಾನ ಆಗಬೇಕು.

ಹಾಗಾದರೆ ಮಳೆಗಾಲಕ್ಕೆ ಮೇಣ ಬೇಡವೇ? ನಮ್ಮಲ್ಲೇ ಎರಡು ಪಕ್ಷ ಇದೆ. ಇಬ್ಬರು ಒಂದೇ ಬಗೆಯ ಎರಡು ಚೈನು ಇಟ್ಟುಕೊಂಡಿದ್ದಾರೆ, ಒಂದು ನೆನೆದು ಬಂದರೆ ಬಿಚ್ಚಿ ಒಣಗೋಕೆ ಹಾಕಿ ಇನ್ನೊಂದನ್ನು ಏರಿಸ್ತಾರೆ. ಪ್ರತಿ ಮಳೆಗೂ ಇಷ್ಟು ಮಾಡೋ ಶಿಸ್ತು ಇದ್ದರೆ ಮೇಣವೇ ಚೆನ್ನ. ಉಳಿದವರು ಜೂನಿನಿಂದ ಸೆಪ್ಟೆಂಬರ್ ತನಕ ನಾಚಿಕೆ ಇಲ್ಲದೆ ಎಣ್ಣೆ ಬಿಡ್ತೀವಿ, ವಾರಕ್ಕೊಮ್ಮೆ ಒರೆಸ್ತೀವಿ, ದಸರಾ ರಜೆ ಮುಗಿಸಿ ಬಂದ ಮೇಲೆ ಟರ್ಪೆಂಟೈನಲ್ಲಿ ತೊಳೆದು ಮೇಣಕ್ಕೆ ಮರಳ್ತೀವಿ. ದಿನಾ ಮಳೆಯಲ್ಲಿ ಓಡಾಡಿ ಒಂದೇ ಚೈನಿರೋರಿಗೆ ನಾವು ಮೇಣ ಹೇಳಲ್ಲ.

ಅದ್ದೋ ಮುಂಚೆ ಅಳೀರಿ

ಸವೆದು ಮುಗಿದ ಚೈನಿಗೆ ಯಾವ ಮೇಣವೂ ಮದ್ದಲ್ಲ. ಚೈನು ಉದ್ದ ಆಯ್ತು ಅಂತೀವಲ್ಲ, ಪ್ಲೇಟು ಎಳೆದು ಉದ್ದ ಆಗಿರಲ್ಲ, ಕೀಲು ಸವೆದು ಸಡಿಲ ಆಗಿರತ್ತೆ. ಒಂದು ಕೊಂಡಿಯ ಅಳತೆ 12.7 ಮಿ.ಮೀ. ಹಾಗಾಗಿ ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ 24 ಕೊಂಡಿ ಹೊಸದರಲ್ಲಿ 304.8 ಮಿ.ಮೀ. ಇರಬೇಕು. ವರ್ಕ್‌ಶಾಪಿನ ಸ್ಟೀಲ್ ಸ್ಕೇಲು ಸಾಕು, ಚೈನು ಬಿಗಿಯಾಗಿ ಎಳೆದಿರಲಿ. 11, 12 ಸ್ಪೀಡಿನ ಚೈನು 306.3 ಮುಟ್ಟಿದರೆ, ಅಂದರೆ ಶೇ. 0.5 ಆದರೆ, ಬದಲಾಯಿಸಬೇಕು. ನಮ್ಮಲ್ಲಿ ಹೆಚ್ಚಾಗಿರೋ 7, 8 ಸ್ಪೀಡಿನವು ಶೇ. 0.75 ತನಕ, ಸುಮಾರು 307.1 ತನಕ ತಡೀತವೆ. ಕೊಂಡಿಗೆ ಲೆಕ್ಕ ಹಾಕಿದರೆ ಇದು 0.095 ಮಿ.ಮೀ., ನಮ್ಮ ರೆಕಾರ್ಡ್ ಪುಸ್ತಕದ ಒಂದು ಹಾಳೆಯ ದಪ್ಪ. ಅಷ್ಟು ಸವೆದರೆ ಚೈನು ಕ್ಯಾಸೆಟ್ಟಿನ ಹಲ್ಲನ್ನು ತಿನ್ನೋಕೆ ಶುರು ಮಾಡತ್ತೆ, ಆಮೇಲೆ ಜೋರಾಗಿ ತುಳಿದಾಗ ಹಲ್ಲು ಹಾರತ್ತೆ.

ಶನಿವಾರ ಮಧ್ಯಾಹ್ನ ವರ್ಕ್‌ಶಾಪಿನ ಹಿಂದಿನ ಜಗಲಿಯಲ್ಲಿ ಮೇಣದ ಡಬ್ಬಿ ಬಿಸಿಯಾಗಿರತ್ತೆ. ಸ್ಕೇಲು, ಥರ್ಮಾಮೀಟರು, ನೇತುಹಾಕೋ ತಂತಿ ನಮ್ಮ ಹತ್ತಿರ ಇದೆ. ಚೈನು ತೊಳೆದು, ಒಣಗಿಸಿ ತನ್ನಿ. ಕುಲುಕಿದರೆ ಖಣಖಣ ಅನ್ನದ ಚೈನನ್ನು ಡಬ್ಬಿಗೆ ಇಳಿಸೋಕೆ ನಾವು ಬಿಡಲ್ಲ.